‘ಕೋಲ್ಡ್ ಪ್ರೆಶರ್’, ‘ಫುಲ್ ಲೋಡ್’, ‘ನೋಸ್ ವೇಯ್ಟ್’: ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ: ಕಾರಿನ ಕೈಪಿಡಿಯ ಟೈರ್ ಅಧ್ಯಾಯವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಕರಡಿನಲ್ಲಿ ‘ಕೋಲ್ಡ್ ಪ್ರೆಶರ್’ಗೆ ‘ತಣ್ಣನೆಯ ಗಾಳಿಯ ಒತ್ತಡ’, ‘ಫುಲ್ ಲೋಡ್’ಗೆ ‘ಪೂರ್ಣ ಭಾರ’, ‘ನೋಸ್ ವೇಯ್ಟ್’ಗೆ ‘ಮೂಗಿನ ತೂಕ’, ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ‘ಮ್ಯಾಕ್ಸ್ ಪ್ರೆಶರ್’ಗೆ ‘ಗರಿಷ್ಠ ಒತ್ತಡ’ ಎಂದಿದೆ. ಓದುವವರು ಇದನ್ನು ನೋಡಿಕೊಂಡೇ ಗಾಳಿ ಹಾಕಿಸುತ್ತಾರೆ. ಅರ್ಥ ಸರಿಯಾಗಿ ಮುಟ್ಟುತ್ತದೆಯೇ?

ಉತ್ತರ: ಮೊದಲನೆಯದು ಖಂಡಿತ ಬೇಡ. ‘ತಣ್ಣನೆಯ ಗಾಳಿ’ ಎಂದರೆ ತಂಪಾದ ಗಾಳಿ ತುಂಬಿಸಬೇಕೇನೋ ಎನಿಸುತ್ತದೆ. ತಣ್ಣಗಿರಬೇಕಾದ್ದು ಟೈರು. ‘ಟೈರು ಆರಿದಾಗಿನ ಒತ್ತಡ’ ಎಂದರೆ ತಪ್ಪು ತಿಳಿಯಲು ಜಾಗವಿಲ್ಲ. ಆರುವುದು ಎಂದರೇನು ಎಂಬುದನ್ನೂ ಅಲ್ಲೇ ಬರೆಯಿರಿ: ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಆಮೇಲೆ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಒಂದು ಪಕ್ಕಕ್ಕೆ ಬಿಸಿಲು ಬೀಳುತ್ತಿದ್ದರೆ ಆ ಪಕ್ಕದ ಟೈರುಗಳು ಹೆಚ್ಚು ತೋರಿಸುತ್ತವೆ, ಅದನ್ನೂ ಗಮನಿಸಬೇಕು.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಹೊರೆ ಹೊತ್ತು ಹೆದ್ದಾರಿಯಲ್ಲಿ ಓಡಿದ ಟೈರಿನಲ್ಲಿ ಒತ್ತಡ 4ರಿಂದ 6 ಪಿಎಸ್‌ಐ ಏರುವುದು ಸಹಜ. ದಾರಿಯಲ್ಲಿ ಗೇಜ್ ಹಿಡಿದು, ಹೆಚ್ಚಾಗಿದೆಯೆಂದು ಗಾಳಿ ಇಳಿಸಿಬಿಟ್ಟರೆ ಟೈರು ಆರಿದ ಮೇಲೆ ಅಷ್ಟೇ ಕಡಿಮೆಯಾಗಿರುತ್ತದೆ. ಮರುದಿನ ಅದೇ ಹೊರೆಯೊಂದಿಗೆ ಹೊರಟಾಗ ಟೈರಿನ ಪಕ್ಕ ಸುತ್ತುಸುತ್ತಿಗೂ ಅತಿಯಾಗಿ ಮಡಚಿ ಬಿಚ್ಚಿ ಒಳಗೇ ಕಾಯುತ್ತದೆ. ಒಳಪದರಗಳು ಬಿಟ್ಟುಕೊಂಡು ಟೈರು ಸಿಡಿಯುವುದಕ್ಕೆ ಈ ಕಾವೇ ದೊಡ್ಡ ಕಾರಣ. ಹಾಗಾಗಿ ‘ಬಿಸಿ ಟೈರಿನಿಂದ ಗಾಳಿ ಇಳಿಸಬೇಡಿ’ ಎಂಬ ವಾಕ್ಯ ದಪ್ಪ ಅಕ್ಷರದಲ್ಲಿರಲಿ. ಬಿಸಿಯಿದ್ದಾಗಲೇ ತುಂಬಿಸುವುದು ಅನಿವಾರ್ಯವಾದರೆ ಕಾರಿಗೆ ಅಂಟಿಸಿರುವ ಒತ್ತಡದ ಪಟ್ಟಿಯ ಅಂಕಿಗಿಂತ ಸುಮಾರು 0.3 ಬಾರ್, ಅಂದರೆ 4 ಪಿಎಸ್‌ಐ, ಹೆಚ್ಚಿಗೆ ಇಟ್ಟು ಟೈರು ಆರಿದ ಮೇಲೆ ಮತ್ತೆ ನೋಡಬೇಕು.

‘ಗರಿಷ್ಠ ಒತ್ತಡ’ ಪದವಾಗಿ ಸರಿ, ಆದರೆ ‘ಮೀರಬಾರದ ಒತ್ತಡ’ ಎಂದರೆ ಇನ್ನೂ ಒಳ್ಳೆಯದು. ಟೈರಿನ ಮೇಲೆ 51 ಪಿಎಸ್‌ಐ (350 ಕೆಪಿಎ) ಎಂದು ಕಂಡರೆ ‘ಸಾಮಾನು ಜಾಸ್ತಿ ಇದೆ, ಅಷ್ಟೇ ಹಾಕಿಬಿಡಿ’ ಎನ್ನುವವರಿದ್ದಾರೆ. ಅದು ಟೈರಿನ ಮಿತಿಯೇ ಹೊರತು ಕಾರಿಗೆ ಬೇಕಾದ ಒತ್ತಡವಲ್ಲ. ಅದೇ ಟೈರು ಹತ್ತಾರು ಬಗೆಯ ಕಾರುಗಳಿಗೆ ಹೊಂದುತ್ತದೆ. ಅಷ್ಟು ತುಂಬಿಸಿದರೆ ನೆಲಕ್ಕೆ ಸರಿಯಾಗಿ ತಾಗುವುದು ನಡುವಿನ ಪಟ್ಟೆ ಮಾತ್ರ. ಹಿಡಿತ ಕುಗ್ಗುತ್ತದೆ, ನಡುವೆಯೇ ಸವೆಯುತ್ತದೆ. ಕಾರಿಗೆ ಬೇಕಾದ ಅಂಕಿ ಇರುವುದು ಚಾಲಕನ ಬಾಗಿಲ ಚೌಕಟ್ಟಿನ ಮೇಲೆ ಅಥವಾ ಇಂಧನ ಮುಚ್ಚಳದ ಒಳಗೆ ಅಂಟಿಸಿದ ಪಟ್ಟಿಯಲ್ಲಿ.

ಇನ್ನೊಂದು ಉತ್ತರ: ‘ಪೂರ್ಣ ಭಾರ’ ಎಂದರೆ ಕಾರಿನದೇ ಒಟ್ಟು ತೂಕ ಎಂದು ಓದಿಕೊಳ್ಳುವ ಅಪಾಯವಿದೆ. ಹೊತ್ತದ್ದನ್ನು ಹೊರೆ ಎನ್ನುವುದು ನಮ್ಮ ರೂಢಿ, ಆದ್ದರಿಂದ ‘ತುಂಬು ಹೊರೆ’ ಎಂಬುದು ನನ್ನ ಸಲಹೆ. ಪಟ್ಟಿಯಲ್ಲಿ ಎರಡು ಸಾಲುಗಳಿದ್ದರೆ ಮೂರು ಜನರವರೆಗೆ ಒಂದು, ಐದು ಜನ ಮತ್ತು ಸಾಮಾನಿಗೆ ಇನ್ನೊಂದು ಎಂಬ ರೀತಿಯಲ್ಲಿರುತ್ತವೆ. ಉದಾಹರಣೆಗೆ ಮೊದಲ ಸಾಲಿನಲ್ಲಿ ಮುಂದೆ 220, ಹಿಂದೆ 220 ಕೆಪಿಎ. ಎರಡನೆಯದರಲ್ಲಿ ಮುಂದೆ 230, ಹಿಂದೆ 280. ಹಿಂದಿನದು ಅಷ್ಟು ಜಿಗಿಯುವುದು ಹಿಂದಿನ ಸೀಟು ಮತ್ತು ಡಿಕ್ಕಿಯ ಹೊರೆ ಹೆಚ್ಚಾಗಿ ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ಮೇಲೆ ಬೀಳುವುದರಿಂದ. ನಾಲ್ಕೂ ಟೈರಿಗೆ ಒಂದೇ ಅಂಕಿ ಹೇಳಿ ತುಂಬಿಸುವ ಅಭ್ಯಾಸ ಇಲ್ಲಿಯೇ ಎಡವುತ್ತದೆ.

‘ಮೂಗಿನ ತೂಕ’ ಯಾರಿಗೂ ತಿಳಿಯದು. ಟ್ರೈಲರಿನ ಮುಂತುದಿ ಕಾರಿನ ಕೊಂಡಿಯನ್ನು ಕೆಳಕ್ಕೆ ಒತ್ತುವ ಭಾರ ಅದು, ‘ಕೊಂಡಿಭಾರ’ ಎನ್ನಬಹುದು. ಟ್ರೈಲರಿನ ಒಟ್ಟು ತೂಕದೊಂದಿಗೆ ಇದನ್ನು ಬೆರೆಸಬಾರದು, ಏಕೆಂದರೆ ಕಾರಿನ ಟೈರುಗಳು ಹೊರುವುದು ಕೊಂಡಿಭಾರವನ್ನು ಮಾತ್ರ. ಆದರೆ ಕೊಂಡಿ ಹಿಂದಿನ ಆಕ್ಸಲ್‌ನ ಆಚೆಗೆ ಇರುವುದರಿಂದ ಅದು ಸನ್ನೆಯಂತೆ ಮುಂಭಾಗವನ್ನು ಎತ್ತುತ್ತದೆ. ಎರಡು ಆಕ್ಸಲ್‌ಗಳ ನಡುವೆ 2.6 ಮೀಟರ್, ಹಿಂದಿನ ಆಕ್ಸಲ್‌ನಿಂದ ಕೊಂಡಿಗೆ 1 ಮೀಟರ್ ಇದ್ದರೆ, 75 ಕೆಜಿ ಕೊಂಡಿಭಾರದಿಂದ ಹಿಂದಿನ ಆಕ್ಸಲ್ ಮೇಲೆ ಸುಮಾರು 104 ಕೆಜಿ ಏರಿ, ಮುಂದೆ 29 ಕೆಜಿ ಇಳಿಯುತ್ತದೆ. ಟ್ರೈಲರ್ ಎಳೆಯುವಾಗ ತುಂಬು ಹೊರೆಯ ಸಾಲನ್ನೇ ಅನುಸರಿಸುವುದು ಸಾಮಾನ್ಯ ಕ್ರಮ. ಕೆಲವು ತಯಾರಕರು ಹಿಂದಿನ ಟೈರಿಗೆ ಇನ್ನೂ 0.2 ಬಾರ್ ಸೇರಿಸಲು ಹೇಳುತ್ತಾರೆ. ಟ್ರೈಲರಿನ ಟೈರುಗಳ ಅಂಕಿ ಬೇರೆಯೇ, ಅದನ್ನು ಟ್ರೈಲರಿನ ಪಟ್ಟಿಯಲ್ಲೇ ನೋಡಬೇಕು.

ಕೈಪಿಡಿಯಲ್ಲಿ ‘ಲೋಡ್ ಇಂಡೆಕ್ಸ್’ ಕೂಡ ಬರುತ್ತದೆ. ‘ಹೊರೆಸೂಚಿ’ ಎನ್ನಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ 205/55 ಆರ್16 91ವಿ ಎಂಬಲ್ಲಿನ 91 ಅದೇ: ಒಂದು ಟೈರು ಹೊರಬಲ್ಲದ್ದು ಹೆಚ್ಚೆಂದರೆ 615 ಕೆಜಿ. ಗಾಳಿ ಎಷ್ಟೇ ಹೆಚ್ಚಿಸಿದರೂ ಆ ಮಿತಿ ಏರುವುದಿಲ್ಲ. ಆಕ್ಸಲ್‌ನ ಮಿತಿ ದಾಟಿದ್ದರೆ ಸಾಮಾನು ಇಳಿಸಲೇಬೇಕು.

ಒತ್ತಡ ಎಚ್ಚರಿಕೆಯ ದೀಪದ ಬಗ್ಗೆಯೂ ಒಂದು ಸಾಲು ಸೇರಿಸಿ. ಅದು ಹೊರೆಯನ್ನು ಅಳೆಯುವುದಿಲ್ಲ. ಹಿಂದಿನ ಟೈರಿನಲ್ಲಿ 280 ಕೆಪಿಎ ಇರಬೇಕಾದಲ್ಲಿ 220 ಇದ್ದರೂ, ಖಾಲಿ ಕಾರಿನ ಮಟ್ಟಕ್ಕೆ ಅದು ಸರಿಯಾಗಿಯೇ ಇರುವುದರಿಂದ ದೀಪ ಹೊತ್ತಿಕೊಳ್ಳದೆ ಇರಬಹುದು. ರೀಸೆಟ್ ಗುಂಡಿ ಇರುವ ಕಾರಿನಲ್ಲಿ ಒತ್ತಡ ಬದಲಿಸಿದಾಗಲೆಲ್ಲ ರೀಸೆಟ್ ಮಾಡಬೇಕು. ಸಾಮಾನು ಇಳಿಸಿ, ಟೈರು ಆರಿದ ಮೇಲೆ ಮೊದಲ ಸಾಲಿನ ಅಂಕಿಗೆ ಇಳಿಸಿದಾಗಲೂ ಹಾಗೆಯೇ.