ನೆತ್ತಿಗೆ ಹತ್ತೋದು ಅಂದ್ರೆ ಎಲ್ಲಿಗೆ ಹತ್ತೋದು? ಕಿರುನಾಲಿಗೆ ಅಂದ್ರೆ ಯಾವ್ದು?

ಎಲ್ರಿಗೂ ನಮಸ್ಕಾರ. ಎರಡು ಪದ ಹದಿನೈದು ದಿನದಿಂದ ತಲೆ ತಿಂತಿದಾವೆ, ಬಲ್ಲೋರು ಬಗೆಹರಿಸಿ.

ನನ್ ತಂಗಿ ಅಂಗನವಾಡಿ ಟೀಚರ್ರು. ತಾಯಂದಿರ ಸಭೇಲಿ ಹಂಚೋಕೆ ಕಿವಿ ಮೂಗು ಬಾಯಿ ಬಗ್ಗೆ ಎರಡು ಪುಟ ಬರ್ಕೊಡು, ಪುಸ್ತಕದ ಕನ್ನಡ ಬೇಡ, ಮನೇಲಿ ಆಡೋ ಮಾತಲ್ಲೇ ಇರ್ಲಿ ಅಂದ್ಲು. ಅದೇನ್ ಮಹಾ ಅಂತ ಕೂತೆ. ಹೊರಗೆ ಕಾಣೋದಕ್ಕೆಲ್ಲ ಪದ ತಾನಾಗೇ ಬಂತು, ಕಿವಿಗೆ ಹಾಲೆ, ಮೂಗಿಗೆ ಹೊಳ್ಳೆ, ಬಾಯಿಗೆ ಕಟವಾಯಿ, ಹಲ್ಲಿಗೆ ಒಸಡು. ಒಳಗಿಂದ ಹೊರಗೆ ಬರೋ ಸಾಮಾನಿಗಂತೂ ಬೇಕಾದಷ್ಟಿವೆ, ಗುಗ್ಗೆ, ಸಿಂಬಳ, ಗೊಣ್ಣೆ, ಆಮೇಲೆ ಒಂದೇ ನೀರು ಮಗು ಬಾಯಿಂದ ಸುರಿದ್ರೆ ಜೊಲ್ಲು, ಲೋಟಕ್ಕೆ ತಾಗಿದ್ರೆ ಎಂಜಲು, ರಸ್ತೇಲಿ ಬಿದ್ರೆ ಉಗುಳು, ಪರೀಕ್ಷೇಲಿ ಮಾತ್ರ ಲಾಲಾರಸ. ಗಾಡಿ ನಿಂತಿದ್ದು ಗಂಟಲ ಹತ್ರ.

"ಹಾಲು ಕುಡಿಯುವಾಗ ಮಗೂಗೆ ನೆತ್ತಿಗೆ ಹತ್ತಿದ್ರೆ" ಅಂತ ಬರೆದೆ, ಮುಂದಕ್ಕೆ ಪೆನ್ನು ಓಡ್ಲಿಲ್ಲ. ಏನ್ ಮಾಡ್ಬೇಕು ಅಂತ ಹೇಳೋಕೆ ಮುಂಚೆ ಹಾಲು ಎಲ್ಲಿಗೆ ಹೋಗಿದೆ ಅಂತ ಗೊತ್ತಿರ್ಬೇಕಲ್ಲ. ನೆತ್ತಿಗಂತೂ ಹೋಗಿರಲ್ಲ. ನಮ್ಮಜ್ಜಿ ಒಳಲೇಲಿ ಹಾಲು ಹಾಕುವಾಗ ಮಗು ಕೆಮ್ಮಿದ್ರೆ ಸಾಕು, ನೆತ್ತಿ ಮೇಲೆ ಫೂ ಫೂ ಅಂತ ಊದೋರು, ದೊಡ್ಡೋರಿಗಾದ್ರೆ ತಲೆ ತಟ್ಟಿ ಯಾರೋ ನೆನೆಸ್ಕೊಂಡ್ರು ನೋಡು ಅನ್ನೋರು. ಅಲ್ಲಿಗೆ ಮುಗೀತು, ಯಾರೂ ಎಲ್ಲಿಗೆ ಹತ್ತು ಅಂತ ಕೇಳ್ತಿರ್ಲಿಲ್ಲ.

ನನಗೆ ಅನ್ಸಿದ್ದು, ಈ ಒಂದು ಮಾತಲ್ಲಿ ನಾವು ಎರಡು ಬೇರೆ ಬೇರೆ ಸಂಗತಿ ತುರುಕಿದೀವಿ. ನಾಲಿಗೆ ತುದೀನ ಮೇಲ್ಗಡೆ ಅಂಗುಳಕ್ಕೆ ಒತ್ತಿ ಹಂಗೇ ಹಿಂದಕ್ಕೆ ಎಳ್ಕೊಂಡು ಹೋಗಿ ನೋಡಿ. ಮೊದ್ಲು ಗಟ್ಟಿಯಾಗಿ, ಏಣು ಏಣಾಗಿ ಸಿಗುತ್ತೆ, ಆಮೇಲೆ ಒಂದ್ಕಡೆ ಮೂಳೆ ಮುಗ್ದು ಮೆತ್ತಗಾಗುತ್ತೆ (ಇನ್ನೂ ಹಿಂದೆ ಹೋದ್ರೆ ಓಕರಿಕೆ ಬರುತ್ತೆ, ಊಟ ಆದ್ಮೇಲೆ ಮಾಡ್ಬೇಡಿ). ಆ ಮೆತ್ತನೆ ಅಂಗುಳ ಒಂದು ಮುಚ್ಚಳ. ನುಂಗುವಾಗ ಅದು ಮೇಲಕ್ಕೆದ್ದು ಮೂಗಿನ ಹಿಂಬಾಗಿಲು ಮುಚ್ಚುತ್ತೆ. ಅದೇ ಹೊತ್ತಿಗೆ ಕೆಳಗಡೆ ನಾಲಿಗೆ ಬುಡದ ಹಿಂದೆ ಎಲೆ ಥರ ಇರೋ ಇನ್ನೊಂದು ಮುಚ್ಚಳ ಉಸಿರುಗೊಳವೆ ಬಾಯಿ ಮೇಲೆ ಬಾಗುತ್ತೆ, ಅದರ ಕೆಳಗಿನ ದನಿ ತಂತಿಗಳೂ ಮುಚ್ಕೊಳ್ತವೆ. ಕನ್ನಡಿ ಮುಂದೆ ನಿಂತು ಗುಟುಕು ನೀರು ಕುಡಿದ್ರೆ ಗಂಟಲ ಮಣಿ ಮೇಲೆದ್ದು ಇಳಿಯೋದು ಕಾಣುತ್ತೆ, ಕೆಲಸ ನಡೀತಿರೋದು ಅಲ್ಲೇ. ಅಷ್ಟು ಹೊತ್ತು ಉಸಿರು ನಿಂತಿರುತ್ತೆ, ನಮಗೆ ಗೊತ್ತೇ ಆಗಲ್ಲ. ತಿಂತಾ ಮಾತಾಡಬೇಡ ಅಂತ ಹಿರಿಯರು ಗದರಿಸ್ತಿದ್ದಿದ್ದು ಬರೀ ಶಿಸ್ತಿಗಲ್ಲ, ಮಾತಾಡೋಕೂ ನಗೋಕೂ ಉಸಿರು ಬೇಕು, ನುಂಗೋಕೆ ಉಸಿರು ನಿಲ್ಬೇಕು.

ಮೇಲಿನ ಮುಚ್ಚಳ ಕೈಕೊಟ್ರೆ ಮೂಗಿಗೆ. ಇದು ನನಗೇ ಆಗಿದೆ, ಒಂದು ಮದುವೆ ಪಂಕ್ತೀಲಿ ಪಕ್ಕದೋನು ಏನೋ ಜೋಕ್ ಹೊಡ್ದ, ನಾನು ಸಾರನ್ನ ಬಾಯಲ್ಲಿಟ್ಕೊಂಡು ನಕ್ಕೆ, ಮೆಣಸಿನ ಸಾರು ಮೂಗಿಂದ ಬಂತು, ಜೊತೆಗೆ ಒಂದು ಅನ್ನದಗುಳೂ ಬಂತು, ಎದುರು ಸಾಲಲ್ಲಿ ಬೀಗರು ಬೇರೆ. ಆ ಉರಿ ಮೂಗಲ್ಲಿ ನಿಲ್ಲಲಿಲ್ಲ ಸ್ವಾಮಿ, ಹುಬ್ಬಿನ ನಡುವಿಂದ ಹಿಡಿದು ತಲೆ ಮೇಲ್ಗಡೆವರೆಗೂ ಚುರ್ ಅಂತು. ಮೂಗಿನ ಒಳಗಿನ ಖಾರ ಉರಿ ವಾಸನೆಯ ನರಕ್ಕೆ ಸೇರಿದ್ದಲ್ಲ, ಮುಖಕ್ಕೆಲ್ಲ ಹರಡಿರೋ ಟ್ರೈಜೆಮಿನಲ್ ಅನ್ನೋ ನರದ್ದು, ಹಣೆಗೂ ಅದೇ ನರ. ಮೂಗಿನ ಗೂಡಿನ ಚಾವಣಿ ಅಂದ್ರೆ ತೂತು ತೂತಿನ ತೆಳು ಮೂಳೆ, ಅದರ ಮೇಲೆ ಮೆದುಳೇ. ಹಂಗಾಗಿ ನೆತ್ತಿಗೆ ಹತ್ತು ಅಂದೋರು ಪೂರ್ತಿ ಸುಳ್ಳೇನೂ ಹೇಳ್ಲಿಲ್ಲ, ಅನುಭವ ಆದ ಕಡೆ ಬೆರಳು ತೋರ್ಸಿದ್ರು. ತಮಿಳಲ್ಲಿ ಇದೇ ಬೇರಿನ ನೆಱ್ಱಿ ಅಂದ್ರೆ ಹಣೆ, ತೆಲುಗಿನ ನೆತ್ತಿ ನಮ್ಮ ನೆತ್ತೀನೇ. ನಮ್ಮ ಮಾತಲ್ಲೂ ಹಿಂದೊಮ್ಮೆ ಹಣೆ ಅರ್ಥ ಇತ್ತಾ ಅಂತ ನನ್ನ ಗುಮಾನಿ, ಹಳಗನ್ನಡ ಓದಿದೋರು ಹೇಳ್ಬೇಕು. ಅಂದಹಾಗೆ ಈ ಕೆಮ್ಮಿಗೆ ತಮಿಳರು ಪುರೈ ಏಱು ಅಂತಾರೆ, ತೆಲುಗರು ಪೊಲಮಾರು ಅಂತಾರೆ, ಯಾರೋ ನೆನೆಸ್ಕೊಂಡ್ರು ಅನ್ನೋದು ಮಾತ್ರ ಇಬ್ಬರ ಮನೇಲೂ ಇದೆ.

ಕೆಳಗಿನ ಮುಚ್ಚಳ ಕೈಕೊಟ್ರೆ ಕತೆನೇ ಬೇರೆ. ಹೋಗೋದು ಉಸಿರುಗೊಳವೆಗೆ. ಒಂದು ಹನಿ ನೀರಾದ್ರೆ ಕೆಮ್ಮು ಹೊರಗೆ ತಳ್ಳುತ್ತೆ, ಕಡ್ಲೆಕಾಯಿ ಬೀಜ ಆದ್ರೆ? ಚಿಕ್ಕ ಮಕ್ಕಳಿಗೆ ಅರೆಯೋ ದವಡೆಹಲ್ಲು ಬಂದಿರಲ್ಲ, ಬೀಜ ಇಡಿಯಾಗೇ ಜಾರುತ್ತೆ. ಬಲಗಡೆ ಶ್ವಾಸಕೋಶಕ್ಕೆ ಹೋಗೋ ಕವಲು ಎಡಗಡೇದಕ್ಕಿಂತ ಅಗಲ, ನೇರ, ಅದಕ್ಕೇ ಹೆಚ್ಚಾಗಿ ಅಲ್ಲಿ ಹೋಗಿ ಕೂರುತ್ತೆ. ಅಲ್ಲಿಗೂ ಇಳೀದೆ ಗಂಟಲ ಬಾಯಲ್ಲೇ ಅಡ್ಡ ಕೂತ್ರೆ ಮಗು ಕೆಮ್ಮೋಕೂ ಆಗಲ್ಲ, ಅಳೋಕೂ ಆಗಲ್ಲ, ಸದ್ದೇ ಇರಲ್ಲ. ಇದಕ್ಕೂ ನಾವು "ನೆತ್ತಿಗೆ ಹತ್ತಿದೆ" ಅಂದು ತಲೆ ತಟ್ಟಿಕೊಂಡು ಕೂತ್ರೆ ಏನ್ ಗತಿ? ಕೆಮ್ಮೋ ಮಗೂನ ಕೆಮ್ಮೋಕೆ ಬಿಡ್ಬೇಕು. ಸದ್ದಿಲ್ಲದ ಮಗೂನ ಮುಂದಕ್ಕೆ ಬಗ್ಗಿಸಿ ಎರಡು ರೆಕ್ಕೆ ಮೂಳೆ ನಡುವೆ ಅಂಗೈ ಬುಡದಿಂದ 5 ಸಲ ಗುದ್ದಬೇಕು, ಬರ್ಲಿಲ್ಲ ಅಂದ್ರೆ ಹಿಂದಿಂದ ತಬ್ಬಿ ಹೊಕ್ಕುಳಿಗಿಂತ ಸ್ವಲ್ಪ ಮೇಲ್ಗಡೆ 5 ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು (1974ರಲ್ಲಿ ಹೈಮ್ಲಿಕ್ ಅನ್ನೋ ಡಾಕ್ಟ್ರು ಹೇಳ್ಕೊಟ್ಟ ವರಸೆ), ಒಂದು ವರ್ಷದೊಳಗಿನ ಕೂಸಾದ್ರೆ ಹೊಟ್ಟೆ ಮುಟ್ಟೋ ಹಂಗಿಲ್ಲ, ಎದೆ ಒತ್ತಬೇಕು. ತಂಗಿಗೆ ಬೇಕಾಗಿರೋದು ಈ ಭಾಗಾನೇ, ನನಗೆ ಪದ ಸಿಗ್ದೇ ಇರೋದೂ ಇದಕ್ಕೇ.

ಇನ್ನು ಎರಡನೇದು ಕಿರುನಾಲಿಗೆ. ನಮ್ಮನೇಲಿ ಕಿರುನಾಲಿಗೆ ಅಂದ್ರೆ ಬಾಯಿ ಆ ಅಂತ ತೆರೆದ್ರೆ ಹಿಂದೆ ಗಂಟೆ ನಾಲಿಗೆ ಥರ ನೇತಾಡುತ್ತಲ್ಲ, ಅದು. ಒಣಕೆಮ್ಮು ಬಂದ್ರೆ ಕಿರುನಾಲಿಗೆ ಇಳಿಬಿದ್ದಿದೆ ಅಂತ ಚಮಚದ ಹಿಡಿಗೆ ಉಪ್ಪು ಮೆಣಸು ಹಚ್ಚಿ ಅದನ್ನೇ ಒತ್ತೋರು. ಆದ್ರೆ ಅದೇ ಪದಾನ ಎಪಿಗ್ಲಾಟಿಸ್‌ಗೂ, ಅಂದ್ರೆ ನಾನು ಹೇಳಿದ ಕೆಳಗಿನ ಮುಚ್ಚಳಕ್ಕೂ ಹಾಕಿರೋದು ನೋಡಿದೀನಿ. ಒಂದು ಮೇಲಿನ ಮುಚ್ಚಳದ ತುದಿ, ಇನ್ನೊಂದು ಕೆಳಗಿನ ಮುಚ್ಚಳ, ಒಂದು ಕಾಣುತ್ತೆ ಇನ್ನೊಂದು ಕಾಣಲ್ಲ, ಹೆಸರು ಮಾತ್ರ ಒಂದೇ. ಎರಡು ಅವಘಡಕ್ಕೆ ಒಂದೇ ಮಾತು, ಎರಡು ಮುಚ್ಚಳಕ್ಕೆ ಒಂದೇ ಹೆಸರು, ನಾನು ಗೊಂದಲ ಆಗ್ದೇ ಇನ್ನೇನಾಗ್ಲಿ.

ಮೆತ್ತನೆ ಅಂಗುಳದ ಬಗ್ಗೆ ಇಲ್ಲಿ ಇರೋರಿಗೆ ಇಷ್ಟ ಆಗೋ ಒಂದು ಮಾತು. ಙ ಞ ಣ ನ ಮ ಹುಟ್ಟೋದು ಆ ಮುಚ್ಚಳ ಇಳಿದು ಗಾಳಿ ಮೂಗಿಗೆ ಹೋದಾಗ. ನೆಗಡಿ ಬಂದು ಮೂಗು ಕಟ್ಟಿದ್ರೆ ಮುಚ್ಚಳ ಇಳಿದ್ರೂ ಗಾಳಿಗೆ ದಾರಿ ಇಲ್ಲ, ಆಗ ಅಮ್ಮ ಅನ್ನೋದು ಅಬ್ಬ ಆಗುತ್ತೆ. ಅನುನಾಸಿಕ ಅಂತ ವ್ಯಾಕರಣದಲ್ಲಿ ಕಲ್ತಿದ್ದು ನನಗೆ ಅರ್ಥ ಆಗಿದ್ದು ಮೊಮ್ಮಗಳ ನೆಗಡೀಲಿ.

ಕಿವಿದು ಬಿಟ್ಟೇಹೋಯ್ತು. ಮೂಗಿನ ಹಿಂಬಾಗಿಲ ಪಕ್ಕದಿಂದಲೇ ಕಿವಿ ತಮಟೆ ಹಿಂದಿನ ಗೂಡಿಗೆ ಒಂದು ಸಣ್ಣ ನಾಳ ಇದೆ, ದೊಡ್ಡೋರಲ್ಲಿ ಸುಮಾರು 3.5 ಸೆಂ.ಮೀ., ಕೂಸಲ್ಲಿ ಅದರರ್ಧ, ಅದೂ ಇಳಿಜಾರಿಲ್ಲದೆ ಅಡ್ಡಡ್ಡ. ಚಾರ್ಮಾಡಿ ಘಾಟಿ ಹತ್ತುವಾಗ ಕಿವಿ ಗುಂಯ್ ಅಂದು ಎಂಜಲು ನುಂಗಿದ ತಕ್ಷಣ ಟಪ್ ಅಂತ ಬಿಡುತ್ತಲ್ಲ, ಆಗ ತೆರೆಯೋದು ಅದೇ. ಮಲಗಿಸ್ಕೊಂಡು ಹಾಲು ಕೊಡ್ಬೇಡ, ಕಿವಿ ಸೋರುತ್ತೆ ಅಂತಿದ್ದ ಅಜ್ಜಿ ಮಾತು ನನಗೆ ಬಾಣಂತನದ ಕಂತೆಪುರಾಣ ಅನ್ನಿಸ್ತಿತ್ತು, ಈಗ ಅದನ್ನ ಹಾಳೇಲಿ ಮೊದಲನೇ ಸಾಲಾಗಿ ಹಾಕಿದೀನಿ. ಈ ನಾಳಕ್ಕೆ ಆಡುಮಾತಲ್ಲಿ ಹೆಸರೇ ಇಲ್ಲ, ಕಿವಿ ಕೊಳವೆ ಅಂತ ಬರ್ದಿದೀನಿ, ಅಡ್ಡಿ ಇಲ್ಲ ಅನ್ಸುತ್ತೆ.

ಈಗ ಕೇಳ್ತಿರೋದು ಇಷ್ಟು. ಉಸಿರುಗೊಳವೆಗೆ ಹೋಗೋದಕ್ಕೆ ನಿಮ್ಮ ಕಡೆ ನೆತ್ತಿ ಬಿಟ್ಟು ಬೇರೆ ಮಾತಿದ್ಯಾ? ಬೆಳಗಾವಿ ಕಡೆ ಗೆಳೆಯ ಒಬ್ರು ಠಸಕಿ ಹತ್ತೋದು ಅಂತಾರೆ, ಮರಾಠಿ ಠಸಕಾನೇ ಇರ್ಬೇಕು, ಅದೂ ಕೆಮ್ಮಿನ ಹೆಸರೇ ಹೊರತು ಸದ್ದಿಲ್ಲದೆ ಕಟ್ಕೊಳ್ಳೋದಕ್ಕೆ ಅಲ್ಲ. ಕರಾವಳಿ, ಕೊಡಗಿನೋರು ಏನಂತೀರಿ? ಕೆಳಗಿನ ಮುಚ್ಚಳಕ್ಕೆ ನಾನು ಉಸಿರುಮುಚ್ಚಳ ಅಂತ ಹಾಕಿದ್ದೆ, ತಂಗಿ ಓದಿ, ಅಣ್ಣಾ ಇದು ಉಸಿರೇ ನಿಂತೋಯ್ತು ಅನ್ನೋ ಥರ ಕೇಳುತ್ತೆ ಅಂದ್ಲು. ಸದ್ಯಕ್ಕೆ ಅದನ್ನ ಹೊಡೆದು ಗಂಟಲಮುಚ್ಚಳ ಅಂತ ಪೆನ್ಸಿಲ್ಲಲ್ಲಿ ಬರ್ದಿಟ್ಟಿದೀನಿ. ಶನಿವಾರ ಜೆರಾಕ್ಸಿಗೆ ಕೊಡ್ಬೇಕು, ಅಷ್ಟರೊಳಗೆ ಇನ್ನೂ ಒಳ್ಳೇದು ಹೊಳೆದ್ರೆ ಅಳಿಸಿ ತಿದ್ದೋಕೆ ಜಾಗ ಬಿಟ್ಟಿದೀನಿ.