ಇಂಬಳ ಕಚ್ಚಿದರೆ ರಕ್ತ ನಿಲ್ಲದಿರುವುದು ‘ಹಿರುಡಿನ್’ನಿಂದಲೇ?

ತೋಟದಮನೆ: ಬೆಳಗ್ಗೆ ಅಡಿಕೆ ತೋಟಕ್ಕೆ ಹೋಗಿದ್ದೆ. ಇಂಬಳಕ್ಕೆ ಸುಣ್ಣ ಹಚ್ಚಿ ಬೀಳಿಸಿ ಎರಡು ಗಂಟೆಯಾಯಿತು, ಬೆರಳಸಂದಿಯಲ್ಲಿ ರಕ್ತ ಇನ್ನೂ ಜಿನುಗುತ್ತಿದೆ. ಎಲ್ಲ ರಕ್ತ ಹೆಪ್ಪುಗಟ್ಟಲು ಬಿಡದ ಹಿರುಡಿನ್ ಎಂಬ ಪ್ರೋಟೀನಿನ ಮಹಿಮೆ. ಯಾವ ಜಿಗಣೆಯ ಜೊಲ್ಲಿನಲ್ಲೂ ಇರುವುದು ಇದೇ, ಅಲ್ವಾ?

ಹಳೇ ಮೇಷ್ಟ್ರು: ಅಲ್ಲ. ಹಿರುಡಿನ್ ಸಿಕ್ಕಿದ್ದು ಯುರೋಪಿನ ನೀರಿನ ಜಿಗಣೆಯಲ್ಲಿ. ಅದರ ರಸ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ ಎಂದು ಹೇಕ್ರಾಫ್ಟ್ ಎಂಬ ವಿಜ್ಞಾನಿ 1884ರಲ್ಲೇ ತೋರಿಸಿದರು. ನಿಮಗೆ ಹತ್ತಿದ್ದು ಹೀಮಡಿಪ್ಸಾ ಕುಲದ ನೆಲದ ಜಿಗಣೆ. ಆ ಕುಲದ ಭಾರತದ ಜಿಗಣೆಯೊಂದರಲ್ಲಿ ಸಿಕ್ಕಿದ್ದು ಹೀಮಡಿನ್ ಎಂಬ ಬೇರೆ ಪ್ರೋಟೀನು. ಹಿರುಡಿನ್‌ನಲ್ಲಿ 65 ಅಮೈನೊ ಆಮ್ಲ, ಇದರಲ್ಲಿ 57.

ಚಾರಣಿಗ: (ನಮ್ಮ ಕಡೆ ಉಂಬಳ ಅನ್ನುತ್ತೇವೆ.) ಎರಡೂ ಹಿಡಿಯುವುದು ಥ್ರಾಂಬಿನ್ ಅನ್ನೇ ತಾನೆ? ಹೆಪ್ಪು ಕಟ್ಟಿಸುವ ಕಿಣ್ವ ಅದೇ. ಸುಮ್ನೆ ಕೂದಲು ಸೀಳಬೇಡಿ ಮೇಷ್ಟ್ರೇ.

ಹಳೇ ಮೇಷ್ಟ್ರು: ಪಟ್ಟು ಬೇರೆ ಮಾರಾಯ. ಎರಡರ ತಲೆಯೂ ಥ್ರಾಂಬಿನ್‌ನ ಬಾಯಿಗೆ ಬೆಣೆ ಹೊಡೆಯುತ್ತದೆ, ನಿಜ. ಆದರೆ ಹಿರುಡಿನ್‌ನ ಬಾಲ ಒಂದು ಮಗ್ಗುಲಿಗೆ ಅಂಟುತ್ತದೆ, ಹೀಮಡಿನ್‌ನದು ಇನ್ನೊಂದು ಮಗ್ಗುಲಿಗೆ.

ಮಳೆಹುಳ: ಥ್ರಾಂಬಿನ್ ತಂಟೆಗೇ ಹೋಗದವೂ ಇವೆ. ಮೆಕ್ಸಿಕೊದ ಹೆಮೆಂಟೇರಿಯಾ ಜಿಗಣೆಗೆ ಕಚ್ಚುವ ದವಡೆಯೇ ಇಲ್ಲ, ಸೊಂಡಿಲು ಚುಚ್ಚುತ್ತದೆ. ಅದರ ಜೊಲ್ಲಿನ ಆಂಟಿಸ್ಟಾಸಿನ್ ಎಂಬ ಪ್ರೋಟೀನು ಒಂದು ಹೆಜ್ಜೆ ಹಿಂದೆಯೇ, ಥ್ರಾಂಬಿನ್ ಹುಟ್ಟುವ ಮೊದಲೇ, ಅಡ್ಡ ಹಾಕುತ್ತದೆ. ಅದರ ನೆಂಟ, 45 ಸೆಂ.ಮೀ. ತನಕ ಬೆಳೆಯುವ ಅಮೆಜಾನ್ ಜಿಗಣೆ, ಹೆಪ್ಪಿನ ನಾರನ್ನೇ ಕತ್ತರಿಸುತ್ತದೆ.

ಚಾರಣಿಗ: ಇಷ್ಟು ದಾರಿ ಇವೆ ಅಂದರೆ ಒಂದೊಂದು ಗುಂಪು ಒಂದೊಂದು ಸಲ ರಕ್ತದ ರುಚಿ ಕಂಡಿತು ಅಂತ ತಾನೆ?

ಹಳೇ ಮೇಷ್ಟ್ರು: ಅವಸರ ಬೇಡ. ಮೂಲ ಜಿಗಣೆಯೇ ರಕ್ತ ಕುಡಿಯುತ್ತಿತ್ತು, ಎರೆಹುಳ ನುಂಗುವ ಜಿಗಣೆಗಳು ಆಮೇಲೆ ಆ ಚಾಳಿ ಬಿಟ್ಟವು ಎಂದೇ ಜಾಸ್ತಿ ಜನ ನಂಬಿದ್ದರು.

ಮಳೆಹುಳ: ನಂಬಿದ್ದರು, ಸರಿ. 2025ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಪಳೆಯುಳಿಕೆಯೊಂದರ ವಿವರ ಬಂತು. ವಯಸ್ಸು 43 ಕೋಟಿ ವರ್ಷಕ್ಕೂ ಹೆಚ್ಚು. ಬಾಲದಲ್ಲಿ ದೊಡ್ಡ ಹೀರುಬಟ್ಟಲಿದೆ, ಬಾಯಿಯ ಕಡೆ ಇಲ್ಲ. ಇದು ರಕ್ತ ಕುಡಿಯುತ್ತಿರಲಿಲ್ಲ ಅನ್ನುವುದು ವಿವರಿಸಿದವರ ವಾದ.

ಹಳೇ ಮೇಷ್ಟ್ರು: ಒಂದೇ ಕಲ್ಲಿನ ಮೇಲೆ ಮನೆ ಕಟ್ಟುತ್ತೀರಾ?

ಮಳೆಹುಳ: ಇನ್ನೊಂದು ಕಲ್ಲು ತಗೊಳ್ಳಿ. ಆಂಟಿಸ್ಟಾಸಿನ್‌ನಂಥ ಪ್ರೋಟೀನು ಹೈಡ್ರಾ ಎಂಬ ನೀರಿನ ಪುಟ್ಟ ಜೀವಿಯಲ್ಲೂ ಇದೆ. ಹೈಡ್ರಾ ಯಾರ ರಕ್ತ ಕುಡಿಯುತ್ತದೆ ಹೇಳಿ? ಕತ್ತಿ ಮೊದಲೇ ಮನೆಯಲ್ಲಿತ್ತು. ಜಿಗಣೆ ಅದನ್ನು ಮಸೆದು ಬೇರೆ ಕೆಲಸಕ್ಕೆ ಹಚ್ಚಿತು, ಅಷ್ಟೇ.

ಹಳೇ ಮೇಷ್ಟ್ರು: ಹ್ಞಾಂ, ಈ ಮಾತಿಗೆ ತೂಕ ಇದೆ. ಆದರೂ ಹಿರುಡಿನ್ ಕಥೆ ಅದರಿಂದ ಬಗೆಹರಿಯುವುದಿಲ್ಲ.

ತೋಟದಮನೆ: ನಿಮ್ಮ ಜಗಳದಲ್ಲಿ ನನ್ನ ಕಾಲು ಮರೆತಿರಿ! ಇಂಬಳ ಹೋದ ಮೇಲೂ ಯಾಕೆ ಸೋರಬೇಕು?

ಮಳೆಹುಳ: ಅದು ಬಿಟ್ಟ ಜೊಲ್ಲು ಗಾಯದಲ್ಲೇ ಉಳಿದಿರುತ್ತದೆ. ಇಂಬಳಕ್ಕೆ ರಕ್ತ ಹೊಟ್ಟೆಯಲ್ಲೂ ನೀರಾಗಿಯೇ ಇರಬೇಕು. ಒಂದು ಊಟ ತಿಂಗಳುಗಟ್ಟಲೆ ಬರಬೇಕಲ್ಲ! ಮತ್ತೆ, ಸುಣ್ಣ ಹಚ್ಚಬೇಡಿ. ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನಿಂದ ಬಾಯಿ ಬಿಡಿಸಿ, ಸೋಪು ಹಾಕಿ ತೊಳೆದು, ಬಟ್ಟೆ ಒತ್ತಿ ಹಿಡಿಯಿರಿ.

ತೋಟದಮನೆ: ಒತ್ತಿ ಹಿಡಿದೇ ಒಂದು ಕೈಯಲ್ಲಿ ಟೈಪ್ ಮಾಡುತ್ತಿದ್ದೇನೆ.