ತಂದೆ 2003ರಲ್ಲೇ ತೀರಿದ್ದಾರೆ, ಮಗಳಿಗೆ ಪಾಲು ಬರುತ್ತದೆಯೇ?

ಪ್ರಶ್ನೆ: ವಕೀಲ ಸಾಹೇಬರಿಗೆ ನಮಸ್ಕಾರ್ರೀ. ಕಾರಟಗಿ ಹತ್ತಿರ ನನ್ನ ತವರಿನಲ್ಲಿ ಎಡದಂಡೆ ಕಾಲುವೆ ನೀರು ಹಾಯುವ ಆರು ಎಕರೆ ಭತ್ತದ ಗದ್ದೆ ಇದೆ, ಮುತ್ಯಾನ ಕಾಲದ್ದು. ನನ್ನ ಮದುವೆ 1992ರಲ್ಲಿ ಆಯಿತು. ಅಪ್ಪ 2003ರಲ್ಲಿ ತೀರಿಕೊಂಡರು, ಆಮೇಲೆ ಅವ್ವನೂ ಹೋದಳು. ಪಹಣಿ ಇಬ್ಬರು ಅಣ್ಣಂದಿರ ಹೆಸರಲ್ಲಿದೆ. "1998ರಲ್ಲೇ ಹಿರಿಯರ ಮುಂದೆ ವಾಟ್ನಿ (ಆಸ್ತಿ ಪಾಲು) ಆಗಿದೆ, ನಿಂದೇನೂ ಇಲ್ಲ" ಅಂತಾರೆ. ಈಗ ದೊಡ್ಡಣ್ಣ ಎರಡು ಎಕರೆ ಮಾರೋಕೆ ಹೊರಟಿದ್ದಾರೆ. ನನಗೆ ಹಕ್ಕಿದೆಯಾ?

ಉತ್ತರ: ಅಕ್ಕಾರ, ಹಕ್ಕಿದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ, ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ರಂದು. ಆ ದಿನ ತಂದೆ ಬದುಕಿರಬೇಕೋ ಬೇಡವೋ ಎಂಬ ಗೊಂದಲ ಬಹಳ ವರ್ಷ ಇತ್ತು. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಆಗಸ್ಟ್ 11ರಂದು ಅದನ್ನು ಬಗೆಹರಿಸಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಲೇಬೇಕೆಂದಿಲ್ಲ. ಮದುವೆಯಾದದ್ದೂ ಅಡ್ಡಿಯಲ್ಲ. ನಮ್ಮ ರಾಜ್ಯದ 1994ರ ತಿದ್ದುಪಡಿ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಊರಲ್ಲಿ ಇನ್ನೂ ಅದನ್ನೇ ಹೇಳಿ ಹೆದರಿಸುವವರಿದ್ದಾರೆ, 2005ರ ತಿದ್ದುಪಡಿಯ ಮುಂದೆ ಅದು ನಿಲ್ಲುವುದಿಲ್ಲ, ಕಿವಿಗೆ ಹಾಕಿಕೊಳ್ಳಬೇಡಿ.

ನಿಮ್ಮ ಕೇಸು ನಿಂತಿರುವುದು ಆ 1998ರ ವಾಟ್ನಿಯ ಮೇಲೆ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಮುಟ್ಟಲು ಬರುವುದಿಲ್ಲ. ಬರೀ ಬಾಯಿಮಾತಿನ ಸಾಕ್ಷಿ ನಡೆಯುವುದಿಲ್ಲ ಎಂದು ಅದೇ ತೀರ್ಪು ಹೇಳಿದೆ. ಸರ್ಕಾರಿ ದಾಖಲೆಯ ಬೆಂಬಲವಿದ್ದರೆ ಮಾತ್ರ ಅಪರೂಪಕ್ಕೆ ಒಪ್ಪಬಹುದು. ಪಹಣಿ ನೋಡಿ ಎದೆಗುಂದಬೇಡಿ, ಅದರಿಂದ ಮಾಲಿಕತ್ವ ಹುಟ್ಟುವುದಿಲ್ಲ. ತಹಶೀಲ್ದಾರ್ ಕಚೇರಿಯಲ್ಲಿ ಆ ಸರ್ವೆ ನಂಬರಿನ ಮ್ಯುಟೇಷನ್ ರಿಜಿಸ್ಟರಿನ (ಹೊಲದ ಹೆಸರು ಬದಲಾದದ್ದನ್ನು ಬರೆಯುವ ಪುಸ್ತಕದ) ದೃಢೀಕೃತ ನಕಲು ತೆಗೆಸಿ. ಅಣ್ಣಂದಿರ ಹೆಸರು ಯಾವಾಗ ಏರಿತು, "ವಾಟ್ನಿ" ಅಂತಲೋ "ವಾರಸಾ" (ಸತ್ತವರಿಂದ ವಾರಸುದಾರರಿಗೆ ಬಂದದ್ದು) ಅಂತಲೋ, ಅದನ್ನು ನೋಡಿ ಹೇಳಿ.

ಪ್ರಶ್ನೆ: ನಕಲು ಸಿಕ್ಕಿತು ಸರ್. 2004ರ ಮಾರ್ಚ್, "ವಾರಸಾ" ಅಂತಿದೆ. ನನ್ನ ಹೆಸರೇ ಬರೆದಿಲ್ಲ. ಸಬ್ ರಿಜಿಸ್ಟ್ರಾರ್‌ಗೆ ತಕರಾರು ಅರ್ಜಿ ಕೊಟ್ಟರೆ ಮಾರಾಟ ನಿಲ್ಲುತ್ತದಾ?

ಉತ್ತರ: ಅದೇ ನಿಮ್ಮ ದೊಡ್ಡ ಬಲ. 1998ರಲ್ಲೇ ವಾಟ್ನಿ ಆಗಿದ್ದರೆ ಅಪ್ಪ ತೀರುವವರೆಗೂ ಹೊಲ ಅವರ ಹೆಸರಲ್ಲೇ ಯಾಕಿತ್ತು, ಆಮೇಲೆ ವಾರಸಾ ಯಾಕೆ ಬೇಕಾಯಿತು? ಅಣ್ಣಂದಿರು ಇದಕ್ಕೆ ಉತ್ತರ ಕೊಡಬೇಕಾಗುತ್ತದೆ.

ತಕರಾರು ಅರ್ಜಿಯೊಂದನ್ನೇ ನಂಬಿ ಕೂಡಬೇಡಿ, ಕೋರ್ಟ್ ಆದೇಶವಿಲ್ಲದೆ ನೋಂದಣಿ ನಿಲ್ಲುವುದು ಕಷ್ಟ. ಗಂಗಾವತಿಯಲ್ಲಿ ಸಿವಿಲ್ ವಕೀಲರನ್ನು ಹಿಡಿದು ಪಾಲಿನ ದಾವೆ ಹಾಕಿಸಿ, ಜೊತೆಗೇ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ದಾವೆ ನಡೆಯುವಾಗ ಮಾರಿದರೂ ಆಸ್ತಿ ವರ್ಗಾವಣೆ ಕಾಯ್ದೆಯ 52ನೇ ಕಲಂ ಪ್ರಕಾರ ಕೊಂಡವರು ತೀರ್ಪಿಗೆ ತಲೆಬಾಗಲೇಬೇಕು. ತವರಿನ ಮನೆ, ಖಾಲಿ ಜಾಗ ಇದ್ದರೆ ಅವನ್ನೂ ದಾವೆಯಲ್ಲಿ ಸೇರಿಸಿ. ನೀವು ಮೂವರೇ ವಾರಸುದಾರರಾದರೆ ಮೂರರಲ್ಲೊಂದು ಪಾಲು ನಿಮ್ಮದು, ಗದ್ದೆಯಲ್ಲಿ ಎರಡು ಎಕರೆ. ತಡ ಮಾಡಬೇಡಿ: ಪಾಲಿಲ್ಲ ಎಂದು ನಿಮ್ಮನ್ನು ಹೊರಗಿಟ್ಟದ್ದು ನಿಮಗೆ ತಿಳಿದ ದಿನದಿಂದ 12 ವರ್ಷದ ಕಾಲಮಿತಿ ಇದೆ.

ಇನ್ನೊಂದು ಮಾತು. ಈಗ ಅರಿಶಿನ-ಕುಂಕುಮಕ್ಕೆ ಅಂತ ಒಂದಿಷ್ಟು ದುಡ್ಡು, ಸೀರೆ ತಂದು ಕೊಟ್ಟು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಕೇಳಬಹುದು. ಸೀರೆ ತಗೊಳ್ಳಿ, ಕಾಗದಕ್ಕೆ ಮಾತ್ರ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ.